ಮೊದಲ ನಾಲ್ಕು ಬಕೆಟ್

ನನ್ನ ಒಂದು ಹಳೆಯ ಜಂಬದಿಂದಲೇ ಶುರು ಮಾಡುತ್ತೇನೆ. ಪುಣೆಯ ನಮ್ಮ ಮೂರನೆಯ ಮಹಡಿಯ ಮನೆಗೆ ನೆಂಟರು ಯಾರೇ ಬರಲಿ, ಬೆಳಿಗ್ಗೆ ಅವರನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಸೋಲಾರ್ ನಳ ತಿರುಗಿಸಿ ತೋರಿಸುವುದು ನನ್ನ ಪದ್ಧತಿಯಾಗಿತ್ತು. ಮೂರು ಎಣಿಸುವಷ್ಟರಲ್ಲಿ ಹೊಗೆಯಾಡುವ ನೀರು. "ನಮ್ಮ ಕಡೆ ಅರ್ಧ ಬಚ್ಚಲ ತುಂಬೋ ತನಕ ತಣ್ಣೀರು ಬಿಡಬೇಕಾಗತದಲ್ಲೋ" ಎಂದು ಅವರು ಬೆರಗಾದರೆ ನಾನು ಗಂಭೀರವಾಗಿ, "ಪೈಪು ಹಾಕೋವಾಗ ನಾ ಮುಂದ ನಿಂತು ಹಾಕಿಸೀನಿ" ಎನ್ನುತ್ತಿದ್ದೆ. ಪೈಪು ಹಾಕುವಾಗ ನಾನು ಕ್ಯಾಂಪ್ ಬಡಾವಣೆಯಲ್ಲಿರುವ ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೂತಿದ್ದೆ. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸೋಲಾರ್ ನೀರಿನ ಸ್ವಭಾವ ನಿಮಗೂ ಗೊತ್ತಿರಬಹುದು. ಮೇ ತಿಂಗಳಲ್ಲಿ ಯಾರಿಗೂ ಬೇಡವಾದಾಗ ಕುದಿಕುದಿ ಸುರಿಯುತ್ತದೆ. ಶ್ರಾವಣದಲ್ಲಿ ಎಂಟು ದಿನ ಮೋಡ ಕವಿದು ಮೈ ನಡುಗುವಾಗ ಕೈ ಎತ್ತಿಬಿಡುತ್ತದೆ. ಆದರೂ ನನಗೆ ಅದರ ಮೇಲೆ ಒಂದು ಬಗೆಯ ಭಕ್ತಿ. ನಮ್ಮ ಹಿರಿಯರು ಎಷ್ಟು ತಲೆಮಾರು ನದಿಯಲ್ಲಿ ನಿಂತು ಸೂರ್ಯನಿಗೆ ಬೊಗಸೆ ಬೊಗಸೆ ಅರ್ಘ್ಯ ಕೊಟ್ಟರೋ ಏನೋ. ಆತ ಸಾವಕಾಶದ ಮನುಷ್ಯ. ಎಲ್ಲವನ್ನೂ ಕೂಡಿಟ್ಟುಕೊಂಡು, ಈಗ ನಮ್ಮ ತಾರಸಿ ಗಚ್ಚಿಯ ಮೇಲಿನ ಗಾಜಿನ ಕೊಳವೆಗಳ ಮೂಲಕ ಬಿಸಿ ಮಾಡಿ ವಾಪಸು ಕಳಿಸುತ್ತಿದ್ದಾನೆ ಎಂದು ನಾನು ಸ್ನಾನ ಮಾಡುತ್ತ ತತ್ತ್ವ ಹೊಸೆಯುತ್ತಿದ್ದೆ. ಬಿಸಿನೀರು ತಲೆಯ ಮೇಲೆ ಬಿದ್ದಾಗ ಯಾರಿಗಾದರೂ ಒಂದಿಷ್ಟು ತತ್ತ್ವ ಹೊಳೆಯುತ್ತದೆ.

ನನ್ನ ತತ್ತ್ವಕ್ಕೆ ಭಂಗ ತರುತ್ತಿದ್ದದ್ದು ಒಂದೇ, ಮೊದಲ ಮಹಡಿಯ ಗುರುಪಾದಪ್ಪ ಕಾಕಾ ಅವರ ಬಕೆಟ್ಟು. ಅವರು ಕಲಬುರಗಿ ಕಡೆಯವರು. ಪುಣೆ ಹತ್ತಿರದ ಕುರಕುಂಭದ ಒಂದು ಕೆಮಿಕಲ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಬಾಯ್ಲರ್ ನೋಡಿಕೊಂಡು, ನಿವೃತ್ತರಾಗಿ, ಹೆಂಡತಿ ಮಹಾದೇವಿ ಕಾಕು ಜೊತೆ ನಮ್ಮ ಹೌಸಿಂಗ್ ಸೊಸೈಟಿಗೆ ಬಂದವರು. ದಿನಾ ಬೆಳಿಗ್ಗೆ ಐದೂವರೆಗೆ ಅವರ ಬಚ್ಚಲಲ್ಲಿ ನೀರು ಬೀಳುವ ಸಪ್ಪಳ ಪೈಪುಗಳ ಸಂದಿಯಿಂದ ಏರಿ ನೇರ ನನ್ನ ದಿಂಬಿಗೆ ಬರುತ್ತಿತ್ತು. ಒಂದು ಬಕೆಟ್, ಎರಡು, ಮೂರು, ನಾಲ್ಕು. ನನ್ನ ನಿದ್ದೆಯ ಕೊನೆಯ ಅರ್ಧ ತಾಸು, ಅಂದರೆ ನಿದ್ದೆಯಲ್ಲೇ ಅತ್ಯಂತ ರುಚಿಯಾದ ಭಾಗ, ಹೀಗೆ ದಿನಾ ಹಾಳಾಗುತ್ತಿತ್ತು. ಆಮೇಲೆ ಕಾಕಾ ಗೇಟಿನ ಬಳಿಯ ಕರಿಬೇವು, ದಾಸವಾಳಕ್ಕೆಲ್ಲ ನೀರು ಹಾಕಿ ಮೆಟ್ಟಿಲು ತೊಳೆಯುತ್ತಿದ್ದರು. ಅದು ಎಲ್ಲಿಯ ನೀರು ಎಂದು ಸೊಸೈಟಿಯ ಸೆಕ್ರೆಟರಿಯಾದ ನನಗೆ ಒಂದು ದಿನವೂ ಪ್ರಶ್ನೆ ಬರಲಿಲ್ಲ.

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ನಳದ ನೀರು ಕೈಕೊಟ್ಟು ಟ್ಯಾಂಕರ್ ತರಿಸುವ ಪಾಡು ಬಂತು. ನನಗೆ ಒಳ್ಳೆಯ ನೆಪ ಸಿಕ್ಕಿತು. ಬೋರ್ಡಿನ ಮೇಲೆ ಅಚ್ಚುಕಟ್ಟಾದ ಮರಾಠಿಯಲ್ಲಿ ಒಂದು ನೋಟೀಸು ಬರೆದು ಹಚ್ಚಿದೆ: ಒಬ್ಬರ ಸ್ನಾನಕ್ಕೆ ನಾಲ್ಕು ನಾಲ್ಕು ಬಕೆಟ್ ಬಿಸಿನೀರು ಸುರಿದುಕೊಳ್ಳುವ ಸದಸ್ಯರು ಬೇರೆಯವರ ಕಷ್ಟವನ್ನೂ ನೆನೆಯಬೇಕು. ಹೆಸರು ಹಾಕಿರಲಿಲ್ಲ. ಆದರೆ ಐದೂವರೆಗೆ ಏಳುವವರು ಸೊಸೈಟಿಯಲ್ಲಿ ಒಬ್ಬರೇ.

ಅವತ್ತು ಸಂಜೆ ಕಾಕಾ ಮೂರು ಮಹಡಿ ಹತ್ತಿ ನಮ್ಮ ಬಾಗಿಲಿಗೆ ಬಂದರು.

"ಸೆಕ್ರೆಟರಿ ಸಾಹೇಬ್ರ, ಆ ನೋಟೀಸು ನೀವು ಬರದದ್ದೇನ್ರಿ?"

"ಕಮಿಟಿ ಬರದದ್ರಿ ಕಾಕಾ" ಎಂದೆ. ನಮ್ಮ ಕಮಿಟಿಯಲ್ಲಿ ಬರೆಯಲು ಬರುವವನು ನಾನೊಬ್ಬನೇ.

"ನಾಕು ಬಕೆಟ್ ಅಂತ ಹೆಂಗ ಗೊತ್ತಾತು?"

"ಸಪ್ಪಳ ಕೇಳಸ್ತದಲ್ರಿ. ದಿನಾ ಎಚ್ಚರ ಆಗತದ."

"ಮ್ಯಾಲಿನ ತನಕ ಸಪ್ಪಳ ಬರತದೇನು?" ಕಾಕಾ ಪೇಚಾಡಿಕೊಂಡರು. "ನನಗ ಗೊತ್ತಿದ್ದಿಲ್ ನೋಡ್ರಿ. ಅದು ಏನಪಾ ಅಂದ್ರ, ಆ ನೀರು..."

"ನಿಯಮ ಎಲ್ಲಾರಿಗೂ ಒಂದs ಅಲ್ರಿ ಕಾಕಾ" ಎಂದು ನಾನು ನಡುವೆಯೇ ಬಾಯಿ ಹಾಕಿದೆ. ಒಳಗೆ ಬರ್ರಿ ಎನ್ನಲಿಲ್ಲ. ಅವರು "ಆತು ಬಿಡ್ರಿ" ಎಂದು ಗೋಡೆ ಹಿಡಿದುಕೊಂಡು ಇಳಿದು ಹೋದರು.

ಮರುದಿನದಿಂದ ಸಪ್ಪಳ ನಿಂತಿತು. ಲೇಖನಿಗೆ ಎಂಥ ಶಕ್ತಿಯಿದೆ ನೋಡು ಎಂದು ನನ್ನ ಹೆಂಡತಿ ಶೈಲಾಳ ಮುಂದೆ ಒಂದು ವಾರ ಕೊಚ್ಚಿಕೊಂಡೆ. ಕಾಕಾ ಎದುರಾದರೆ ನಮಸ್ಕಾರ ಮಾಡುತ್ತಿದ್ದರು. ನಾನು ಮೊಬೈಲು ನೋಡುತ್ತ ತಲೆಯಾಡಿಸಿ ದಾಟಿಕೊಳ್ಳುತ್ತಿದ್ದೆ. ಎರಡು ವರ್ಷ ಹೀಗೇ ಕಳೆದವು.

ಈ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಅಡ್ಡಾದ ಕಾಕಾ ಮತ್ತೆ ಏಳಲಿಲ್ಲ. ಮರುದಿನ ಮಣ್ಣು ಮಾಡಿ ಬಂದೆವು. ಬೆಳಗಿನ ಸ್ನಾನ ಬಿಟ್ಟು ನಾನೂ ಹೋಗಿ ಒಂದು ಹಿಡಿ ಮಣ್ಣು ಹಾಕಿ, ಸಂಜೆ ಮನೆಗೆ ಬಂದು ಒಲೆಯ ಮೇಲೆ ಕಾಯಿಸಿದ ನೀರಿನಲ್ಲಿ ಸ್ನಾನ ಮಾಡಿ ಮಲಗಿದೆ.

ಅದರ ಮಾರನೆಯ ಬೆಳಿಗ್ಗೆ ಆರಕ್ಕೆ ಸೋಲಾರ್ ನಳ ತಿರುಗಿಸಿದರೆ ತಣ್ಣೀರು. ಮೂರು ಎಣಿಸಿದೆ, ಮೂವತ್ತು ಎಣಿಸಿದೆ. ಬಕೆಟ್ ತುಂಬಿತು, ನೀರು ಹಾಗೇ ಇತ್ತು. ಒದ್ದೆ ಕಾಲಲ್ಲಿ ನಡುಗುತ್ತ ನಿಂತ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹಾಗೇ ಟವೆಲ್ ಸುತ್ತಿಕೊಂಡು ಸೊಸೈಟಿಯ ಗ್ರೂಪಿನಲ್ಲಿ ಬರೆದೆ: ಸೋಲಾರ್ ಕೆಟ್ಟಿದೆ, ಇವತ್ತೇ ರಿಪೇರಿ ಆಗಬೇಕು. ಅದರ ಮೇಲಿದ್ದ ಮೆಸೇಜು ಕಾಕಾ ಅವರ ಫೋಟೋ, ಕೆಳಗೆ ಎಲ್ಲರೂ ಕೈಮುಗಿದ ಚಿತ್ರಗಳು. ಶೈಲಾ ಅದನ್ನು ಓದಿ, "ಎರಡು ದಿನ ತಣ್ಣೀರು ಹೊಯ್ಕೊಂಡಿದ್ರ ನೀವೇನು ಕರಗಿ ಹೋಗತಿದ್ರೇನ್ರಿ?" ಎಂದಳು. ನಾನು ಪ್ಲಂಬರನಿಗೆ ಫೋನ್ ಹಚ್ಚಿದೆ.

ಪ್ಲಂಬರ್ ಬಂದ. ಗಚ್ಚಿಗೆ ಹೋಗಿ ನೀರಿನ ಟಾಕಿ ಮುಟ್ಟಿ ನೋಡಿ, "ಪಾಣಿ ಏಕದಮ್ ಗರಮ್ ಆಹೆ, ಸಾಹೇಬ್" ಎಂದ. ಮೇಲೆ ನೀರು ಅಷ್ಟು ಬಿಸಿಯಿದ್ದರೆ ನನ್ನ ನಳಕ್ಕೇನಾಗಿದೆ? ಅವನು ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. ಗಚ್ಚಿಯಿಂದ ನೆಲದವರೆಗೆ ಇಳಿಯುವ ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರು ಆರಿ ತಣ್ಣಗಾಗಿರುತ್ತದೆ. ಬೆಳಿಗ್ಗೆ ಅದನ್ನು ಯಾರಾದರೂ ಮೊದಲು ಹೊರಗೆ ಬಿಡಬೇಕು, ಆಗಲೇ ಮೇಲಿನ ಬಿಸಿನೀರು ಕೆಳಗೆ ಇಳಿಯುವುದು. ಕೆಳಗಿನ ಮನೆಯವರು ಬಿಟ್ಟರೆ ಮೇಲಿನ ಮನೆಯವರಿಗೆಲ್ಲ ನಳ ತಿರುಗಿಸಿದ ಕೂಡಲೇ ಬಿಸಿ. "ಇಷ್ಟು ದಿನ ಕೆಳಗೆ ಯಾರು ಬಿಡುತ್ತಿದ್ದರು?" ಎಂದು ಅವನು ಮರಾಠಿಯಲ್ಲಿ ಕೇಳಿದ. ನಾನು ಗೊತ್ತಿಲ್ಲ ಎಂದೆ. ಹೇಳುವಾಗಲೇ ಗೊತ್ತಾಗಿತ್ತು.

ಅವನು ಮೊದಲ ಮಹಡಿಯ ನಳವನ್ನೂ ನೋಡಬೇಕೆಂದ. ಇಬ್ಬರೂ ಇಳಿದೆವು. ಮಹಾದೇವಿ ಕಾಕು ಮೊಣಕಾಲು ಹಿಡಿದುಕೊಂಡೇ ಎದ್ದು ಬಚ್ಚಲು ತೋರಿಸಿದರು. ನಳದ ಬಾಯಿಗೆ ಹಳೆಯ ಧೋತರದ ಉದ್ದನೆಯ ಪಟ್ಟಿಯೊಂದನ್ನು ಕಟ್ಟಿ, ಅದರ ತುದಿಯನ್ನು ಬಕೆಟ್ಟಿನ ತಳಕ್ಕೆ ಇಳಿಬಿಡಲಾಗಿತ್ತು. ಪ್ಲಂಬರ್ ಅದನ್ನು ಬಿಚ್ಚಲು ಹೋದ.

"ಬ್ಯಾಡಪಾ, ಅದು ಇರಲಿ" ಎಂದರು ಕಾಕು. "ಇವರು ಕಟ್ಟಿದ್ದು. ನೀರು ಬಟ್ಟಿ ಹಿಡದು ಇಳದ್ರ ಸಪ್ಪಳ ಆಗೂದಿಲ್ಲ. ಮ್ಯಾಲಿನವರ ನಿದ್ದಿ ಕೆಡತದ ಅಂತ ಅವತ್ತs ಧೋತರ ಹರದು ಕಟ್ಟಿದ್ರು ನೋಡು ತಮ್ಮಾ."

"ದಿನಾ ನಾಕು ಬಕೆಟ್ ಬಿಡತಿದ್ರೇನ್ರಿ ಕಾಕು?" ಎಂದು ನಾನು ಕೇಳಿದೆ.

"ದಿನಾ. ಬಾಯ್ಲರದಾಗ ಮೊದಲ ಲೈನ್ ಬಿಸಿ ಮಾಡಬೇಕಂತಲ್ಲ, ಹಂಗs ಇದೂ ಅಂತಿದ್ರು. ಆರಕ್ಕ ಮ್ಯಾಲಿನ ಹುಡುಗ ಸ್ನಾನ ಮಾಡಿ ಆಫೀಸಿಗೆ ಓಡತಾನ, ಅಷ್ಟರಾಗ ಲೈನ್ ಬಿಸಿ ಇರಬೇಕು ಅಂತ."

ಮೇಲಿನ ಹುಡುಗ ಎಂದರೆ ನಾನು. ಐವತ್ತನಾಲ್ಕು ವರ್ಷ.

"ಮತ್ತ ಕಾಕಾ ಬಿಸಿನೀರು..."

"ಅವರೆಲ್ಲಿ ಬಿಸಿನೀರು ಮುಟ್ಟತಿದ್ರು! ಮೂವತ್ತು ವರ್ಷ ಬೆಂಕಿ ಮುಂದ ನಿಂತ ಮೈ. ಮೊದಲನೇ ಬಕೆಟ್ ತಣ್ಣೀರಾಗ ತಮ್ಮ ಸ್ನಾನ, ಉಳದ ಮೂರು ಗಿಡಕ್ಕ, ಮೆಟ್ಟಿಲಿಗೆ. ಒಂದು ಹನಿ ಚೆಲ್ಲಲಿಲ್ಲ."

ನಾನು ಮೆಟ್ಟಿಲು ಹತ್ತಿ ಮನೆಗೆ ಬಂದೆ. ಬಚ್ಚಲ ಬಾಗಿಲು ಹಾಕಿಕೊಂಡು ಅತ್ತೆ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ನಮ್ಮಲ್ಲಿ ದೀಪಾವಳಿಗೆ ಮೊದಲು ನೀರು ತುಂಬುವ ಹಬ್ಬ ಅಂತ ಒಂದಿದೆ. ಚತುರ್ದಶಿಯ ಅಭ್ಯಂಜನಕ್ಕೆ ಹಿಂದಿನ ದಿನವೇ ಹಂಡೆ ತೊಳೆದು, ಸುಣ್ಣ ಬಳಿದು, ಹೂ ಏರಿಸಿ ನೀರು ತುಂಬುವುದು. ಸ್ನಾನಕ್ಕೆ ಒಂದು ಹಬ್ಬ, ಸ್ನಾನದ ನೀರಿಗೇ ಇನ್ನೊಂದು ಹಬ್ಬ ಎಂದು ಚಿಕ್ಕಂದಿನಲ್ಲಿ ನನಗೆ ನಗು. ನಮ್ಮ ಮನೆಯಲ್ಲಿ ಬೆಳಗಿನ ಜಾವ ಒಲೆ ಊದಿ ಹಂಡೆ ಕಾಯಿಸುತ್ತಿದ್ದದ್ದು ಅಜ್ಜಿ. ಎಲ್ಲರ ಎಣ್ಣೆಸ್ನಾನ ಮುಗಿಯುವ ಹೊತ್ತಿಗೆ ಹಂಡೆಯ ತಳದಲ್ಲಿ ಅವಳ ಪಾಲಿಗೆ ಎಷ್ಟು ಉಳಿಯುತ್ತಿತ್ತೋ ನಾನು ನೋಡಿದವನಲ್ಲ. ಹಂಡೆಗೆ ಹೂ ಏರಿಸಿದ್ದೆವು, ಅಜ್ಜಿಗೆ ಏನೂ ಏರಿಸಿದ ನೆನಪಿಲ್ಲ. ಈ ವಿಷಯದಲ್ಲಿ ನಾನು ಮೊದಲಿನಿಂದಲೂ ಹೀಗೇ ಇದ್ದೇನೆ ಅಂತ ಕಾಣುತ್ತದೆ.

ಮರುದಿನ ಐದಕ್ಕೇ ಎದ್ದು ನನ್ನ ನಳದಿಂದ ನೀರು ಬಿಟ್ಟು ನೋಡಿದೆ. ಆದರೆ ನಾನು ಬಿಟ್ಟರೆ ಬಿಸಿ ಬರುವುದು ಮೂರನೆಯ ಮಹಡಿಯವರೆಗೆ ಮಾತ್ರ. ಕೆಳಗಿನ ಪೈಪು ತಣ್ಣಗೇ ಇರುತ್ತದೆ. ಕಾಕಾ ನನಗೆ ಮಾಡಿದ್ದನ್ನು ನಾನು ಮೇಲೆ ಕೂತು ಕಾಕುಗೆ ಮಾಡಲು ಬರುವುದಿಲ್ಲ. ಅವರಿಗೋ ಮೊಣಕಾಲು ನೋವು, ಬಿಸಿನೀರು ಬೇಕೇ ಬೇಕು, ನಾಲ್ಕು ಬಕೆಟ್ ಎತ್ತಿಡುವ ಶಕ್ತಿಯಿಲ್ಲ. ಹಾಗಾಗಿ ಹೋಗಿ ಕೇಳಿದೆ: "ನಾ ಬಂದು ಲೈನ್ ಬಿಸಿ ಮಾಡ್ಲೇನ್ರಿ ಕಾಕು?" ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು, "ಬಾ ತಮ್ಮಾ" ಎಂದರು.

ದಿನಾ ಐದೂವರೆಗೆ ಹೋಗಿ ಗಂಟೆ ಒತ್ತುವುದು, ಕಾಕು ಬಂದು ಬಾಗಿಲು ತೆಗೆಯುವುದು, ನಾನು ನಾಲ್ಕು ಬಕೆಟ್ ತುಂಬಿ ಮೂರನ್ನು ಗಿಡಕ್ಕೆ, ಮೆಟ್ಟಿಲಿಗೆ ಹೊರುವುದು. ಮೊದಲನೆಯ ಬಕೆಟ್ಟಿನಲ್ಲಿ ಸ್ನಾನ ಮಾಡುವ ಧೈರ್ಯ ನನಗಿಲ್ಲ, ಅದು ಅರಿವೆ ನೆನೆಸಲು. ಆಮೇಲೆ ಕಾಕು ಚಹಾ ಕೊಡುತ್ತಿದ್ದರು. ಚಹಾ ಕುಡಿಯುವಾಗೆಲ್ಲ ನೋಟೀಸಿನ ಮಾತು ಬಿಟ್ಟು ಕರಿಬೇವು, ದಾಸವಾಳದ ಮಾತಾಡುತ್ತಿದ್ದೆ. ಕಾಕಾ ಅವರಲ್ಲಿ ಕ್ಷಮೆ ಕೇಳುವ ಹೊತ್ತು ಮೀರಿತ್ತು. ಇವರಲ್ಲಾದರೂ ಕೇಳಬೇಕು. ಹತ್ತು ದಿನ ಬರೀ ಚಹಾ ಕುಡಿದೆ.

ಹನ್ನೊಂದನೆಯ ದಿನ ಮಾತು ತೆಗೆದವರು ಕಾಕು. "ಯಾರೋ ಇವರ ಮ್ಯಾಲೆ ಬೋರ್ಡಿಗೆ ನೋಟೀಸು ಹಚ್ಚಿದ್ರಂತ ನೋಡು. ಯಾರದು ಅಂತ ಎಷ್ಟು ಕೇಳಿದೆ, ಹೆಸರು ಹೇಳಲಿಲ್ಲ. ಹೇಳಿದ್ರ ನೀ ಅವರ ಜೋಡಿ ಮಾತು ಬಿಡತಿ, ಬ್ಯಾಡ ಅಂದ್ರು."

ಕಾಕಾ ನನ್ನನ್ನು ಎರಡು ವರ್ಷ ಹೀಗೆ ಮುಚ್ಚಿ ಕಾಪಾಡಿದ್ದರು. ನಾನು ಸುಮ್ಮನಿದ್ದಿದ್ದರೆ ಮುಂದೆಯೂ ಕಾಪಾಡುತ್ತಿದ್ದರು. ಕಪ್ಪು-ಬಸಿಯನ್ನು ಕೆಳಗಿಟ್ಟೆ.

"ಕಾಕು, ಅದು ನಾನs ಬರದದ್ದು."

ಅವರು ನನ್ನ ಮುಖ ನೋಡಿದರು. ನನ್ನ ಅರ್ಧ ಕುಡಿದ ಚಹಾದ ಕಪ್ಪನ್ನು ಎತ್ತಿಕೊಂಡು ಒಳಗೆ ಹೋದರು.

ಮರುದಿನ ಹೋಗಲೋ ಬೇಡವೋ ಎಂದು ಎರಡನೆಯ ಮಹಡಿಯ ಮೆಟ್ಟಿಲಲ್ಲಿ ನಿಂತು ಯೋಚಿಸಿದೆ. ಹೋದೆ. ಅದಾಗಿ ಇವತ್ತಿಗೆ ಇಪ್ಪತ್ತು ದಿನ. ಕಾಕಾ ತಮ್ಮ ಹೆಂಡತಿಯನ್ನು ಸರಿಯಾಗಿಯೇ ತಿಳಿದುಕೊಂಡಿದ್ದರು; ಕಾಕು ನನ್ನ ಜೊತೆ ಒಂದು ಮಾತೂ ಆಡಿಲ್ಲ. ನಾನು ಹೋದಾಗ ದೇವರ ಮುಂದೆ, ನನ್ನ ಕಡೆ ಬೆನ್ನು ಮಾಡಿ ಕೂತಿರುತ್ತಾರೆ. ಚಹಾ ಇಲ್ಲ, ತಮ್ಮಾ ಇಲ್ಲ. ಆದರೆ ಗಂಟೆ ಒತ್ತುವ ಪ್ರಸಂಗ ಈ ಇಪ್ಪತ್ತು ದಿನದಲ್ಲಿ ಒಮ್ಮೆಯೂ ಬಂದಿಲ್ಲ. ನಾನು ಇಳಿದು ಬರುವಷ್ಟರಲ್ಲಿ ಬಾಗಿಲು ತೆಗೆದಿರುತ್ತದೆ, ಬಚ್ಚಲಲ್ಲಿ ದೀಪ ಹಚ್ಚಿರುತ್ತದೆ, ಆ ಮೊಣಕಾಲಿನಲ್ಲಿ ಬಗ್ಗಿ ಯಾರೋ ನಾಲ್ಕೂ ಬಕೆಟ್ಟುಗಳನ್ನು ಸಾಲಾಗಿ ಇಟ್ಟಿರುತ್ತಾರೆ.