ಇಳಿಜಾರಲ್ಲಿ ಆಫ್ ಮಾಡಿದ ಆಟೊ

ಗೆಳೆಯರೇ, ಇಳಿಜಾರು ಬಂದ್ರೆ ಎಂಜಿನ್ ಆಫ್ ಮಾಡಿ ಆಟೊ ಬಿಡೋ ಬುದ್ಧಿವಂತ ನಾನೊಬ್ನೇ ಅಲ್ಲ. ಪೆಟ್ರೋಲ್ ರೇಟ್ ಏರಿದ ಮೇಲೆ ಶಿರಾದ ನಮ್ಮ ಸ್ಟ್ಯಾಂಡಿನೋರೆಲ್ಲ ಇಂಗೇ. ಇವತ್ತು ಬೆಳಿಗ್ಗೆ ಕಳ್ಳಂಬೆಳ್ಳದ ಕಡೆಯಿಂದ ಖಾಲಿ ವಾಪಸ್ ಬರ್ತಾ, ಏರು ಮುಗೀತಿದ್ದಂಗೇ ಕೀ ತಿರುಗಿಸ್ಬುಟ್ಟೆ. ತಿರುವು ದಾಟಿದ್ರೆ ರಸ್ತೆ ತುಂಬ ಕುರಿ. ಹಾರ್ನ್ ಒತ್ತಿದೆ. ಕೀ ಆಫ್ ಇತ್ತಲ್ಲ, ಕೂಗ್ಲೇ ಇಲ್ಲ. ಬ್ರೇಕ್ ತುಳಿದ್ರೂ ಒಂದು ಮರಿಯ ಕಾಲು ಚಕ್ರಕ್ಕೆ ಸಿಕ್ಕಿ ಮುರೀತು.

ಕುರಿ ಕಾಯೋ ತಾತ ಉಗೀತಾನೆ ಅಂದ್ಕಂಡೆ. ಮರೀನ ಎತ್ಕಂಡು ಮೆಲ್ಲಗೆ ಅಂದ: "ಸದ್ದು ಮಾಡ್ಕಂಡ್ ಬಂದಿದ್ರೆ ಅವೇ ಸರ್ಕತಿದ್ವು ಸಾಬ್ರೆ. ಆಟೊ ಸದ್ದು ಗೊತ್ತು ಅವುಕ್ಕೆ."

ಉಗಿದಿದ್ರೇ ಚೆನ್ನಾಗಿತ್ತು.

ಹಿಂಡಿನ ಹಿಂದೆ ಬರ್ತಿದ್ದ ಹೆಂಡ್ತಿಗೆ ಕುರಿ ಒಪ್ಪಿಸಿ ತಾತ ಆಟೊ ಹತ್ತಿದ. ಶಿರಾದ ದನದ ಆಸ್ಪತ್ರೆಗೆ ಹೊರಟ್ವಿ. ಮುಂದೆ ಇನ್ನೊಂದು ಇಳಿಜಾರು ಬಂತು. ಮರೀನ ತೊಡೆ ಮೇಲೆ ಇಟ್ಕಂಡು ಹಿಂದಿನಿಂದ ಕೇಳ್ದ: "ಇಲ್ಲಿ ಆಫ್ ಮಾಡಲ್ವಾ ಸಾಬ್ರೆ? ಪೆಟ್ರೋಲ್ ಬೇರೆ ತುಟ್ಟಿ."

ಕುಹಕ ಅಲ್ಲ. ಪಾಪ, ನನ್ನ ಪೆಟ್ರೋಲಿನ ಚಿಂತೆ ಅವನಿಗೆ.

ಶಿರಾ ಮುಟ್ಟೋವರೆಗೂ, ರಸ್ತೇಲಿ ಒಂದು ನರಪಿಳ್ಳೆ ಇಲ್ದಿದ್ರೂ, ಹಾರ್ನ್ ಹೊಡ್ಕಂಡೇ ಹೋದೆ.