ತಿರುನಾರಾಯಣ ಮೇಷ್ಟ್ರು ಮತ್ತು ಅರಕಲಗೂಡಿನ ಕರೆ

ಅಂತರ್ಜಾಲದ ಮೂಲಕ ಮಾತನ್ನು ಸಾಗಿಸುವ ವಿದ್ಯೆ ದೊಡ್ಡ ನಗರಗಳಲ್ಲಿಯೇ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ, ಅದನ್ನು ಹಾಸನ ಸೀಮೆಗೆ ತಂದು, ಕನ್ನಡದಲ್ಲಿ ಪಾಠ ಹೇಳಿ, ನಮ್ಮಂಥ ಹಳ್ಳಿಯ ಮಕ್ಕಳ ಕೈಗಿತ್ತ ಹಿರಿಯರು ಶ್ರೀ ತಿರುನಾರಾಯಣ ಅವರು. ಪಾಲಿಟೆಕ್ನಿಕ್ಕಿನ ಸುದೀರ್ಘ ಸೇವೆಯಿಂದ ಅವರು ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ದೊರೆತದ್ದು ಅವರ ಶಿಷ್ಯೆಯಾದ ನನ್ನ ಭಾಗ್ಯವೆಂದು ಭಾವಿಸುತ್ತೇನೆ.

ಹೊಳೆನರಸೀಪುರದ ಅರ್ಚಕ ಮನೆತನದಲ್ಲಿ ಹುಟ್ಟಿದ ಅವರು ತೊಂಬತ್ತರ ದಶಕದುದ್ದಕ್ಕೂ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಪಾಠ ಹೇಳಿದವರು. ತಾವು ಕಲಿಸುತ್ತಿದ್ದ ಯಂತ್ರ ಹಿಂದೆ ಬೀಳುತ್ತಿದೆಯೆಂದು ಮನಗಂಡು, ನಡುವಯಸ್ಸು ದಾಟಿದ ಮೇಲೆ ಹೊಸ ವಿದ್ಯೆಗೆ ತಾವೇ ವಿದ್ಯಾರ್ಥಿಯಾದರು. ನಾನು ಮಲ್ಲಿಪಟ್ಟಣದಿಂದ ಬಂದು ಸೇರಿದಾಗ ಪ್ರಯೋಗಾಲಯದ ನಾಲ್ಕು ಮೇಜುಗಳಿಗೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ಹೆಸರಿಟ್ಟಿದ್ದರು. ಪ್ರತಿ ಊರಿಗೂ ಸಂಖ್ಯೆ ಹಂಚುವುದು, ಕರೆಗೆ ದಾರಿ ತೋರಿಸುವುದು, ಒಂದು ದಾರಿ ಮುರಿದರೆ ಇನ್ನೊಂದನ್ನು ಕಾಯ್ದಿರಿಸುವುದು, ಎಲ್ಲವನ್ನೂ ಆ ಮೇಜುಗಳ ನಡುವೆಯೇ ಕಲಿತೆವು.

“ಮಾತನ್ನ ಚೂರು ಮಾಡಿ ಕಳಿಸ್ತೀವಮ್ಮ. ಲೆಕ್ಕಪತ್ರ ಸ್ವಲ್ಪ ತಡವಾಗಿ ಬಂದ್ರೂ ಲೆಕ್ಕಪತ್ರವೇ. ಮಾತು ತಡವಾದ್ರೆ ಅದು ಮಾತಲ್ಲ,” ಎನ್ನುತ್ತಿದ್ದರು. ಡಿಪ್ಲೊಮಾ ಮುಗಿದೊಡನೆ ನನಗೆ ಮದುವೆ ಗೊತ್ತುಮಾಡಲು ಹೊರಟಿದ್ದ ನಮ್ಮ ತಂದೆಯವರನ್ನು, ನನ್ನನ್ನು ಈ ಕೆಲಸಕ್ಕೆ ಕಳಿಸುವಂತೆ ಒಪ್ಪಿಸಲು ಬಸ್ಸು ಹತ್ತಿ ಮಲ್ಲಿಪಟ್ಟಣಕ್ಕೇ ಬಂದು, ಜಗಲಿಯಲ್ಲಿ ಕೂತು, ಒಪ್ಪಿಗೆ ಪಡೆದೇ ಎದ್ದ ಮಹನೀಯರು ಅವರು.

ಅವರ ಸೇವಾವಧಿಯಲ್ಲಿ ನಾನು ಕಣ್ಣಾರೆ ಕಂಡ ಒಂದು ಘಟನೆಯನ್ನು ಇಲ್ಲಿ ದಾಖಲಿಸಲೇಬೇಕು. ಅದು 2005ನೇ ಇಸವಿ. ಶುಂಠಿ, ಜೋಳಗಳ ವ್ಯಾಪಾರದ ಖಾಸಗಿ ಸಂಸ್ಥೆಯೊಂದು ಈ ನಾಲ್ಕೂ ಊರುಗಳ ತನ್ನ ಕಚೇರಿ, ಗೋದಾಮುಗಳನ್ನು ಅಂತರ್ಜಾಲ ದೂರವಾಣಿಯಿಂದ ಜೋಡಿಸುವ ಕೆಲಸವನ್ನು ಮೇಷ್ಟ್ರಿಗೆ ವಹಿಸಿತ್ತು. ಮಹಾಲಯ ಅಮಾವಾಸ್ಯೆಯ ರಜೆಯ ದಿನ ಹಾಸನದ ಕಚೇರಿಯಲ್ಲಿ ನಾವು ಮೂವರಿದ್ದೆವು: ಮೇಷ್ಟ್ರು, ನಾನು ಮತ್ತು ಹೊಸ ಫೋನಿನ ಬಳಕೆ ಕಲಿಯಲು ಬಂದಿದ್ದ ಅರಕಲಗೂಡಿನ ಗೋದಾಮಿನ ಮೇಲ್ವಿಚಾರಕ ನಂಜಪ್ಪನವರು. ಹಿರಿಯರಿಗೆ ಎಡೆಯಿಡಲು ಮನೆಗೆ ಹೋಗಬೇಕೆಂದು ನಂಜಪ್ಪನವರು ಚಡಪಡಿಸುತ್ತಿದ್ದರು.

ಮಧ್ಯಾಹ್ನ ಫೋನು ಬಡಿದುಕೊಂಡಿತು. ಅದರ ಪುಟ್ಟ ಪರದೆಯ ಮೇಲೆ ಅರಕಲಗೂಡಿನ ಗೋದಾಮಿನ ಸಂಖ್ಯೆಯಿತ್ತು. ನಂಜಪ್ಪನವರು ಎತ್ತಿದರು. ಆಚೆಯಿಂದ ಒಂದೇ ಸಮನೆ ‘ಸೊಂಯ್’ ಎನ್ನುವ ತೆಳುವಾದ ಸದ್ದು.

“ಯಾರೂ ಇಲ್ಲ,” ಎಂದು ಇಟ್ಟರು. ಮತ್ತೆ ಬಡಿಯಿತು. ಮತ್ತೆ ಅದೇ ಸದ್ದು. ಮೂರನೆಯ ಸಲಕ್ಕೆ ಅವರ ಮುಖ ಬಿಳಿಚಿತು.

“ಬೆಳಿಗ್ಗೆ ನಾನೇ ಬೀಗ ಆಕಿ ಬಂದಿವ್ನಿ ಸಾ. ಕೀ ಇಲ್ಲೇ ಐತೆ. ಒಳಗೆ ನರಪಿಳ್ಳೆ ಇಲ್ಲ. ಓದೊರ್ಷ ಮೂಟೆ ಒರೋ ಗುಂಡಯ್ಯ ಎದೆನೋವು ಅಂತ ಅಲ್ಲೇ ಕುಸ್ದು ಪ್ರಾಣ ಬುಟ್ಟಿದ್ದ. ಇವತ್ತು ನೋಡುದ್ರೆ ಮಾಲಯ ಅಮಾಸೆ. ನಿಮ್ ದಮ್ಮಯ್ಯ, ಎತ್ತಬ್ಯಾಡಿ ಸಾ!”

ಹಗಲು ಬೆಳಕಿನಲ್ಲಿಯೂ ನನ್ನ ಮೈ ಜುಮ್ಮೆಂದಿತು. ಮೇಷ್ಟ್ರು ಎತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿನ ಗುಂಡಿ ಒತ್ತಿ, ಕಣ್ಣು ಮುಚ್ಚಿ ಆಲಿಸಿದರು.

“ಧನಲಕ್ಷ್ಮಿ, ಈ ಸದ್ದು ಎಲ್ಲಿಂದ ಬರ್ತಿದೆ?”

“ಅರಕಲಗೂಡಿಂದ ಸರ್.”

“ಅಲ್ಲಮ್ಮ. ನಮ್ಮ ಫೋನೇ ಮಾಡ್ತಿದೆ.”

ಆಗ ನನಗೆ ಪಾಠ ನೆನಪಾಯಿತು. ಯಾರೂ ಮಾತಾಡುತ್ತಿಲ್ಲವೆಂದು ಯಂತ್ರಕ್ಕೆ ತೋರಿದರೆ ಅದು ಆ ಬದಿಯಿಂದ ಏನನ್ನೂ ಕಳಿಸುವುದಿಲ್ಲ. ಪೂರ್ತಿ ನಿಶ್ಶಬ್ದವಾದರೆ ಕೇಳುವವರು ಕರೆ ಸತ್ತಿತೆಂದು ಗಾಬರಿಯಾಗುತ್ತಾರೆಂದು, ಈ ಬದಿಯ ಫೋನು ತಾನೇ ಒಂದು ಹುಸಿ ಸದ್ದನ್ನು ಹುಟ್ಟಿಸುತ್ತದೆ.

“ಹಾಗಾದ್ರೆ ಅಲ್ಲಿ ಏನಿದೆ ಸರ್?”

“ಗೊತ್ತಿಲ್ಲ. ಸಣ್ಣ ದನಿಯನ್ನೂ ಅದು ನಿಶ್ಶಬ್ದ ಅಂತಲೇ ತಿಳಿಯುತ್ತೆ.”

ಹಾಸನದಲ್ಲೇ ಕುಳಿತು ಅರಕಲಗೂಡಿನ ಯಂತ್ರದ ಆ ಏರ್ಪಾಟನ್ನು ಅವರು ತೆಗೆದುಹಾಕಿದರು. ಆದರೆ ಬದಲಾವಣೆ ಹೊಸ ಕರೆಗೆ ಮಾತ್ರ ಅನ್ವಯಿಸುತ್ತಿತ್ತು. ಇದ್ದ ಕರೆಯನ್ನು ಕಡಿಯಲೇಬೇಕು. ಕಡಿದರೆ ಮತ್ತೆ ಬರುವುದೋ ಇಲ್ಲವೋ. ಮೇಷ್ಟ್ರು ಫೋನಿನತ್ತ ಬಾಗಿದರು.

“ಯಾರೇ ಆಗಿರಿ, ಈಗ ಫೋನು ಇಡ್ತೀನಿ. ಬಿಟ್ಟುಹೋದೆ ಅಂದ್ಕೋಬೇಡಿ. ಇನ್ನೊಂದು ಸಲ ಮಾಡಿ,” ಎಂದು ಆ ಶೂನ್ಯಕ್ಕೆ ಹೇಳಿ ಇಟ್ಟರು.

ಕಾದೆವು. ನಂಜಪ್ಪನವರು ಗೋಡೆಗೊರಗಿ ಕೈಮುಗಿದು ನಿಂತಿದ್ದರು. ಬಹಳ ಹೊತ್ತಿನ ಮೇಲೆ ಫೋನು ಬಡಿಯಿತು. ಈ ಸಲ ‘ಸೊಂಯ್’ ಇರಲಿಲ್ಲ. ತಗಡಿನ ಮಾಡು ಬಿಸಿಲಿಗೆ ಚಿಟಚಿಟ ಎನ್ನುವುದು ಕೇಳಿಸಿತು, ಇಲಿಗಳ ಕಿಚಕಿಚ ಕೇಳಿಸಿತು, ಅದರ ಕೆಳಗೆ, ನೆಲದಡಿಯಿಂದ ಬಂದಂತೆ, ಒಂದು ಉಸಿರು.

“ಇದೀನಿ… ಸಾ… ಇದೀನಿ…”

“ಅಯ್ಯೋ, ಲಕ್ಕಯ್ಯ ಕಣಮ್ಮ!” ಎಂದು ನಂಜಪ್ಪನವರು ಕೂಗಿ, ಗೋದಾಮಿನ ಪಕ್ಕದ ಚಹಾ ಅಂಗಡಿಯ ಪಾಪಯ್ಯನಿಗೆ ಮೊಬೈಲಿನಲ್ಲಿ ಕರೆಮಾಡಿದರು. “ಬೀಗ ಒಡಿಯಲಾ! ಒಳಗೆ ಲಕ್ಕಯ್ಯ ಅವ್ನೆ, ಬೇಗ ಓಗಲಾ!”

ಗೋದಾಮಿನ ಕಾವಲುಗಾರ ಲಕ್ಕಯ್ಯ ಬೆಳಿಗ್ಗೆ ಇಲಿಬೋನು ನೋಡಲು ಮೂಟೆಗಳ ಹಿಂದೆ ಹೋಗಿದ್ದಾಗಲೇ, ತಿಳಿಯದೆ ನಂಜಪ್ಪನವರು ಬೀಗ ಹಾಕಿದ್ದರು. ಆಮೇಲೆ ಜೋಳದ ಮೂಟೆಗಳ ಸಾಲು ಲಕ್ಕಯ್ಯನವರ ಎದೆಯ ಮೇಲೆ ಉರುಳಿತ್ತು. ಜೊತೆಗೇ ಕೆಳಗೆ ಬಿದ್ದ ಫೋನಿನಲ್ಲಿ ಒತ್ತಿದೊಡನೆ ಹಾಸನಕ್ಕೆ ಕರೆ ಹೋಗುವಂತೆ ನಾವು ಇಟ್ಟಿದ್ದ ಗುಂಡಿಯೊಂದು ಮಾತ್ರ ಕೈಗೆ ಎಟುಕುತ್ತಿತ್ತು. ಕೂಗಲು ಎದೆಯಲ್ಲಿ ಉಸಿರಿರಲಿಲ್ಲ.

ಪಾಪಯ್ಯ ಮತ್ತು ಅಕ್ಕಪಕ್ಕದವರು ಮೂಟೆ ಸರಿಸಿ ಅವರನ್ನು ಜೀವಸಹಿತ ಎತ್ತಿದರು. ಪಕ್ಕೆಲುಬು ಮುರಿದಿದ್ದರೂ ಲಕ್ಕಯ್ಯನವರು ಉಳಿದರು. ಆಸ್ಪತ್ರೆಯಲ್ಲಿ ಅವರು ಹೇಳಿದ ಮಾತನ್ನು ನಾನು ಇಂದಿಗೂ ಮರೆಯಲಾರೆ.

“ನೀವ್ ಮಾತಾಡಾದೆಲ್ಲ ಚೆನ್ನಾಗ್ ಕೇಳ್ತಿತ್ತು ಸಾ. ‘ಯಾರೂ ಇಲ್ಲ’ ಅಂತ ನಂಜಪ್ಪೋರು ಅಂದುದ್ದೂ ಕೇಳ್ತು. ಇದೀನಿ ಇದೀನಿ ಅಂತಾನೇ ಇದ್ದೆ. ಕಡೀಕೆ ನಂಗೇ ಅನ್ಮಾನ ಬಂದ್ಬುಡ್ತು, ನಾನು ಇದೀನಾ, ಇಲ್ವಾ ಅಂತ.”

ಮೇಷ್ಟ್ರು ಅವರ ಕೈ ಹಿಡಿದು ಕುಳಿತರು. ಮರುದಿನವೇ ನಾಲ್ಕೂ ಊರುಗಳಿಗೆ ತಿರುಗಿ ಪ್ರತಿ ಯಂತ್ರದ ಏರ್ಪಾಟನ್ನೂ ಬದಲಿಸಿದರು. ಮುಂದೆ ಅವರ ಕೈಯಲ್ಲಿ ಕಲಿತು ಹೊರಬಂದ ಪ್ರತಿ ತಂಡವೂ, ಸಂಖ್ಯೆ ಹಂಚುವುದಕ್ಕೂ ಮೊದಲು, ಕ್ಷೀಣವಾದ ದನಿ ಎಲ್ಲಿ ಕಳೆದುಹೋಗುತ್ತದೆಂದು ಹುಡುಕುವುದನ್ನು ಕಲಿತು ಬಂದಿದೆ. ಅವರ ವಿದ್ಯೆಯ ತಿರುಳು ಅದೇ ಎಂದು ನಾನು ತಿಳಿದಿದ್ದೇನೆ.

ನಿವೃತ್ತಿಯ ನಂತರ ಗೊರೂರಿನಲ್ಲಿ ನೆಲೆಸಿ, ಈ ವಿದ್ಯೆಗೆ ಕನ್ನಡದಲ್ಲೊಂದು ಪಠ್ಯ ಬರೆಯುವ ಸಂಕಲ್ಪ ಅವರದು. ಆ ಕೆಲಸಕ್ಕೆ ಬೇಕಾದಷ್ಟು ವರ್ಷಗಳನ್ನೂ, ಅದು ಮುಗಿದ ಮೇಲೆ ಮತ್ತೊಂದಕ್ಕೆ ಕೈಹಾಕುವಷ್ಟು ಆರೋಗ್ಯವನ್ನೂ ಆ ಊರ ಹೊಳೆ ಹೇಮಾವತಿ ನಮ್ಮ ಮೇಷ್ಟ್ರಿಗೆ ಕರುಣಿಸಲಿ. ಹಿಂದಿನ ಬೆಂಚಿನಲ್ಲಿ ಕುಳಿತು ಮೆಲ್ಲಗೆ ಪ್ರಶ್ನೆ ಕೇಳುವ ಮಕ್ಕಳು ಅವರಿಗೆ ಇನ್ನೂ ಬಹುಕಾಲ ಸಿಗುತ್ತಿರಲಿ.