ಪರದೆ ಬರೆಯುವವನ ಕೈಗಳು

1981ರಲ್ಲಿ ನಾನು ಟಿ. ನರಸೀಪುರ ತಾಲ್ಲೂಕಿನಲ್ಲಿ ಕುಷ್ಠರೋಗ ನಿಯಂತ್ರಣದ ನಾನ್-ಮೆಡಿಕಲ್ ಸೂಪರ್‌ವೈಸರ್ ಆಗಿದ್ದೆ. ಹುದ್ದೆಯ ಹೆಸರು ಉದ್ದ, ಕೆಲಸ ಸರಳ. ಊರೂರು ತಿರುಗಿ ಜನರ ಮೈಮೇಲಿನ ಮಚ್ಚೆ ನೋಡಬೇಕು, ಹತ್ತಿಯ ಎಳೆಯಿಂದ ಸವರಿ, ಗುಂಡುಸೂಜಿ ತಾಗಿಸಿ, ತಿಳಿಯುತ್ತದೆಯೇ ಎಂದು ಕೇಳಬೇಕು. ಸ್ಪರ್ಶ ತಿಳಿಯದವರನ್ನು ಡಾಕ್ಟರ ಬಳಿಗೆ ಕಳಿಸಬೇಕು. ನನ್ನ ಸೈಕಲ್ ಯಾರ ಮನೆ ಮುಂದೆ ನಿಂತರೂ ಆ ಮನೆಯ ಹುಡುಗಿಯ ಮದುವೆ ಮುರಿದಂತೆಯೇ. ನನ್ನನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಬನ್ನೂರಿನ ಬೋರೇಗೌಡರು ಗದ್ದೆಯ ಜೊತೆಗೆ ಡ್ರಾಮಾ ಸೀನರಿ ಇಟ್ಟಿದ್ದರು. ಹಳ್ಳಿಯ ಪೌರಾಣಿಕ ನಾಟಕಗಳಿಗೆ ಅರಮನೆ, ಕಾಡು, ಬೀದಿಯ ಚಿತ್ರವಿರುವ ಪರದೆಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರ. ಅವನ್ನು ಬರೆಯುತ್ತಿದ್ದವನು ನಂಜನಗೂಡಿನ ಸೋಮಾಚಾರಿ. ಆಕಾಶ ಬರೆಯುವಾಗ ಅವನು ಬ್ರಷ್ ಪಕ್ಕಕ್ಕಿಟ್ಟು ಬರಿ ಅಂಗೈಯಿಂದ ಬಣ್ಣ ತೀಡುತ್ತಿದ್ದ. ಸಂಜೆಯ ಕೆಂಪು ಹಳದಿಯೊಳಗೆ ಕರಗುವುದನ್ನು ಅಷ್ಟು ಚೆನ್ನಾಗಿ ಬರೆದವರನ್ನು ನಾನು ಕಂಡಿಲ್ಲ. ಕೆಲಸ ಮುಗಿದ ಮೇಲೆ ಬಣ್ಣ ಕರಗಿಸುವ ಟರ್ಪೆಂಟೈನಿನಲ್ಲಿ ಕೈ ತೊಳೆಯುತ್ತಿದ್ದ.

ಅವನ ಕೈಗಳ ಚರ್ಮ ಸುಲಿದು, ಬೆರಳ ಸಂದು ಬಿರಿಯತೊಡಗಿದಾಗ ಜೊತೆಯವರು ಅವನ ಟೀ ಲೋಟ ಬೇರೆ ಇಟ್ಟರು. ಗೌಡರು ನನಗೆ ಹೇಳಿ ಕಳಿಸಿದರು.

ಹತ್ತಿ ತಾಗುತ್ತಲೇ ಸೋಮಾಚಾರಿ ಕೈ ಎಳೆದುಕೊಂಡ. ಸ್ಪರ್ಶ ಚೆನ್ನಾಗಿಯೇ ಇತ್ತು, ಕುಷ್ಠದಲ್ಲಿ ಆಗುವಂತೆ ನರಗಳು ದಪ್ಪಗಾಗಿರಲಿಲ್ಲ. ನಮ್ಮ ಡಾಕ್ಟರೂ ನೋಡಿ, ಇದು ಕುಷ್ಠವಲ್ಲ, ಕಾಂಟ್ಯಾಕ್ಟ್ ಡರ್ಮಟೈಟಿಸ್, ಮುಟ್ಟಿದ ವಸ್ತುವಿನಿಂದ ಬರುವ ಚರ್ಮದ ಉರಿ ಎಂದರು. ಟರ್ಪೆಂಟೈನ್ ಚರ್ಮದ ಸಹಜ ಎಣ್ಣೆಯನ್ನು ತೆಗೆಯುತ್ತದೆ. ಒಣಗಿ ಬಿರಿದ ಜಾಗಕ್ಕೆ ಹಳದಿ ಬಣ್ಣದಲ್ಲಿರುವ ಕ್ರೋಮಿಯಂ ಎಂಬ ಲೋಹ ಇಳಿದು ಸುಡುತ್ತದೆ. ಅದೇ ಕೈಯಲ್ಲಿ ಉಂಡರೆ ಬಣ್ಣದಲ್ಲಿರುವ ಸೀಸ ಹೊಟ್ಟೆಗೂ ಹೋಗುತ್ತದೆ. ಸೋಪಿನಿಂದ ತೊಳೆ, ಕೊಬ್ಬರಿ ಎಣ್ಣೆ ಸವರು, ರಬ್ಬರ್ ಗ್ಲೌಸ್ ಹಾಕಿಕೊಂಡೇ ಬಣ್ಣ ಮುಟ್ಟು ಎಂದು ಹೇಳಿ ನಾನೇ ಒಂದು ಜೊತೆ ಗ್ಲೌಸ್ ಕೊಟ್ಟೆ.

ಅವನ ಕೈ ವಾಸಿಯಾಗುತ್ತಾ ಬಂತು, ಊರಿನ ಬಾಯಿ ಮಾತ್ರ ಕೆಟ್ಟಿತು. ಕುಷ್ಠದ ಆಫೀಸಿನವರು ಕೊಟ್ಟ ಗ್ಲೌಸ್, ಒಳಗೆ ಬೆರಳು ಉದುರುತ್ತಿವೆ ಎಂದು ಸುದ್ದಿ ಹಬ್ಬಿತು. ನಾಟಕದವರು ಗೌಡರ ಪರದೆ ಬೇಡವೆಂದರು. ಮತ್ತೆ ನನಗೆ ಕರೆ ಬಂತು.

ಗೌಡರ ಕಣದಲ್ಲಿ ಜನ ಸೇರಿದ್ದರು. ರೋಗವಿಲ್ಲ ಎಂದು ನಾನು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಡೆಗೆ ಸೋಮಾಚಾರಿಯೇ ಗ್ಲೌಸ್ ಬಿಚ್ಚಿ ಕೈ ಚಾಚಿದ.

"ಎಲ್ರ ಮುಂದೆ ಚುಚ್ಚಿ ಸಾ. ನಂಗೆ ನೋವಾಯ್ತದೆ ಅನ್ನೋದ ಇವ್ರು ನೋಡ್ಲಿ."

ಚುಚ್ಚಿದೆ. ಅವನು "ಅಮ್ಮಾ" ಎಂದ. ಜನ ನಕ್ಕರು.

"ಆಕ್ಟಿಂಗ್ ಮಾಡ್ತಾವ್ನೆ ಕಣ್ಲಾ, ಇನ್ನೊಂದ್ ಕಿತ ಚುಚ್ಸಿ" ಎಂದು ಯಾರೋ ಕೂಗಿದರು. ಗೌಡರು ನನ್ನ ಕೈಯಿಂದ ಸೂಜಿ ಕಿತ್ತುಕೊಂಡು, ಅವನು ಅತ್ತ ತಿರುಗಿದ್ದಾಗ, ಬಿರಿದಿದ್ದ ಜಾಗಕ್ಕೇ ಬಲವಾಗಿ ಒತ್ತಿದರು. ಆ ಚೀರಾಟಕ್ಕೆ ಚಪ್ಪಾಳೆ ಬಿತ್ತು.

"ಏನೂ ಇಲ್ಲ ಬುಡ್ರಪ್ಪ" ಎಂದು ಗೌಡರು ನಗುತ್ತಾ ಗ್ಲೌಸನ್ನು ನನ್ನತ್ತ ಎಸೆದರು. "ರೋಗ ಇಲ್ಲ ಅಂದ್ಮ್ಯಾಕೆ ಇದ್ಯಾಕೆ ಸಾ?"

ಗ್ಲೌಸ್ ಯಾಕೆಂದು ಮತ್ತೆ ವಿವರಿಸಿದೆ. ಗ್ಲೌಸ್ ಕಂಡರೆ ಗಿರಾಕಿ ಓಡುತ್ತಾನೆ ಎಂಬುದೊಂದೇ ಗೌಡರ ಉತ್ತರ. ಸೋಮಾಚಾರಿ ನೆಲದಿಂದ ಆ ಜೊತೆಯನ್ನು ಎತ್ತಿ ನನಗೇ ಕೊಟ್ಟ.

"ಇದ ಆಕ್ಕಂಡ್ರೆ ಅನ್ನ ಓಯ್ತದೆ ಸಾ, ಬುಟ್ರೆ ತೊಗಲು ಓಯ್ತದೆ. ತೊಗಲೇ ಓಗ್ಲಿ."

ಮಾರನೆಯ ವರ್ಷದ ಹೊತ್ತಿಗೆ ತೊಗಲೂ ಹೋಯಿತು, ಅನ್ನವೂ ಹೋಯಿತು. ಹೊಸ ಅರಮನೆ ಪರದೆಯ ಮೇಲೆ ಅವನ ಕೈಯ ರಕ್ತ ಹತ್ತಿತೆಂದು ಗೌಡರು ಅವನನ್ನು ಕೆಲಸದಿಂದ ಬಿಡಿಸಿದರು. ನಂಜನಗೂಡಿಗೆ ಹಿಂತಿರುಗಿದ ಸೋಮಾಚಾರಿಗೆ ಮತ್ತೆ ಬ್ರಷ್ ಹಿಡಿಯಲಾಗಲಿಲ್ಲ. ಅವನ ಜಾಗಕ್ಕೆ ಬಂದ ಪೇಂಟರಿಗೆ ಗೌಡರೇ ಮೈಸೂರಿನಿಂದ ಗ್ಲೌಸ್ ತರಿಸಿಕೊಟ್ಟರು. ಪರದೆ ಕೆಡಬಾರದಲ್ಲ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ಮಾಲೀಕರ ಮುಂದೆ ಕೂಲಿಯವನ ಚರ್ಮದ ಮಾತೆತ್ತಬಾರದು, ನಿಮ್ಮ ಸಾಮಾನು ಹಾಳಾಗುತ್ತದೆ ಎನ್ನಬೇಕು. ನಿವೃತ್ತಿಯಾಗುವವರೆಗೂ ಹಾಗೆಯೇ ಹೇಳಿದೆ. ಹೇಳಿದ ಕಡೆಯಲ್ಲೆಲ್ಲ ಮಾರನೆಯ ದಿನವೇ ಗ್ಲೌಸ್ ಬಂದಿವೆ.